ಮಡಿಸಿದ ಮಂಡಿ

"ಈಗ ಮಂಡಿ ಮಡಿಸಿ," ಎಂದರು ಡಾಕ್ಟರಮ್ಮ.

ಮಂಚದ ಮೇಲೆ ಮಲಗಿದ್ದ ಟೈಲ್ಸ್ ಮೇಸ್ತ್ರಿಗೆ ಜೀವ ಬಾಯಿಗೆ ಬಂತು. ಚಾಚಿದಾಗ ಆ ಕಾಲು ಮಹಾ ಸಾಧು. ಯಾರು ಮುಟ್ಟಿದರೂ ಪಾದದ ನಾಡಿ ಸಿಗುತ್ತಿತ್ತು. ಆ ಸಾಧುತನವೇ ಅವನ ಮಾನ ಕಳೆದದ್ದು. ನೋಡಿದ ಡಾಕ್ಟರರೆಲ್ಲ ಮಲಗಿಸಿಯೇ ನೋಡಿ, ಏನೂ ಇಲ್ಲವೆಂದು ಕಳಿಸಿದ್ದರು. ಇವನೋ ಕುಕ್ಕರುಗಾಲಿನಲ್ಲಿ ಕೂತು ದುಡಿಯುವವನು. ಒಂದು ಸಾಲು ಟೈಲ್ಸ್ ಕೂರಿಸುವಷ್ಟರಲ್ಲಿ ಮೀನಖಂಡ ಹಿಂಡಿದಂತಾಗಿ ಎದ್ದುಬಿಡುತ್ತಿದ್ದ. "ಊಟಕ್ಕೆ ಮುಂದು, ಕೆಲಸಕ್ಕೆ ಹಿಂದು," ಎಂದು ಹೆತ್ತ ತಾಯಿಯೇ ಆಡಿಕೊಂಡಿದ್ದಳು.

"ಕೆಲಸದಲ್ಲಿ ಹೇಗೆ ಕೂರ್ತೀರೋ ಹಾಗೇ ಕೂತ್ಕೊಳ್ಳಿ," ಎಂದು ಮೊದಲ ಭೇಟಿಯಲ್ಲೇ ಅಂದವರು ಈ ಡಾಕ್ಟರಮ್ಮ ಒಬ್ಬರೇ. ಕೂತ. ನಾಡಿ ಮಾಯ. ಮಂಡಿಯ ಹಿಂದಿನ ರಕ್ತನಾಳದ ಗೋಡೆಯೊಳಗೆ ಅಂಟುನೀರಿನ ಗುಳ್ಳೆ ಬೆಳೆದಿತ್ತಂತೆ. ಕಾಲು ಮಡಿಸಿದರೆ ನಾಳವನ್ನೇ ಅಮುಕುತ್ತಿತ್ತು. ಲಕ್ಷದಲ್ಲೊಬ್ಬರಿಗೂ ಬಾರದ ಕಾಯಿಲೆ ಹುಡುಕಿಕೊಂಡು ಇವನ ಮನೆಗೇ ಬರಬೇಕೆ? ಸೂಜಿ ಹಾಕಿ ನೀರು ತೆಗೆದರೆ ಹಾಳಾದ್ದು ಮತ್ತೆ ತುಂಬಿಕೊಂಡಿತು. ಆಮೇಲೆ ಆಪರೇಷನ್ ಮಾಡಿ, ಕೆಟ್ಟ ತುಂಡನ್ನೇ ಕತ್ತರಿಸಿ, ಅವನದೇ ಇನ್ನೊಂದು ರಕ್ತನಾಳ ತೆಗೆದು ಜೋಡಿಸಿದ್ದರು. ಗಾಯವೇನೋ ಮಾಗಿತ್ತು. ಇವತ್ತೂ ನಾಡಿ ನಿಂತರೆ ಕಲಿತ ಕಸುಬಿಗೆ ಎಳ್ಳುನೀರು. ಭಾವನ ಅಂಗಡಿ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುವುದೇ ಗತಿ.

ಮಡಿಸಿದ. ಡಾಕ್ಟರಮ್ಮನ ಬೆರಳು ಪಾದದ ಮೇಲೆ ನಿಂತಿತು.

"ಇದೆ. ಚೆನ್ನಾಗೇ ಇದೆ."

"ಮಂಚದ ಮೇಲೆ ಯಾರು ಟೈಲ್ಸ್ ಹಾಕಿಸ್ತಾರೆ ಮೇಡಂ?" ಎಂದವನೇ ಕೆಳಗಿಳಿದ.

"ನಿಧಾನ ರೀ, ಗೋಡೆ ಹಿಡ್ಕೊಳ್ಳಿ."

ಹಿಡಿಯಲಿಲ್ಲ. ಕೋಣೆಯ ನಟ್ಟನಡುವೆ ಕುಕ್ಕರುಗಾಲಿನಲ್ಲಿ ಕೂತ. ಮೂಲೆಯಲ್ಲಿದ್ದ ತಾಯಿ ತಡೆಯಲಾರದೆ ಬಂದು ನೆಲಕ್ಕೆ ಕೂತಳು. ಡಾಕ್ಟರಮ್ಮ ಅವಳ ಬೆರಳು ಹಿಡಿದು ಪಾದದ ಮೇಲೆ ನಾಡಿಯ ಜಾಗ ತೋರಿಸಿದರು. ಸ್ವಲ್ಪ ಹೊತ್ತು ಅವಳಿಗೇನೂ ಸಿಗಲಿಲ್ಲ. ಆಮೇಲೆ ಮುಖವೇ ಬದಲಾಯಿತು.

"ಹೊಡ್ಕೊಳ್ತಿದೆ ಕಣೋ."

"ನೋವೂ ಇಲ್ಲಮ್ಮ. ಚೂರೂ ಇಲ್ಲ." ಅವನಿಗೆ ಕುಣಿಯುವಷ್ಟು ಖುಷಿಯಾಗಿತ್ತು, ಕುಣಿಯಬೇಕೆಂದರೆ ಏಳಬೇಕಲ್ಲ, ಏಳಲು ಮನಸ್ಸಿರಲಿಲ್ಲ.

"ನಿನ್ನ ಮಾತು ನಂಬಲಿಲ್ವಲ್ಲೋ ನಾನು."

"ಡಾಕ್ಟರುಗಳೇ ನಂಬಲಿಲ್ಲ, ನೀನ್ಯಾವ ಲೆಕ್ಕ ಬಿಡು."

ಮುಂದಿನ ರೋಗಿ ಬಾಗಿಲು ಸರಿಸಿ ಇಣುಕಿದ. ನೆಲದ ಮೇಲೆ ಕೂತಿದ್ದ ಅಮ್ಮ ಮಗನನ್ನು ಕಂಡು ತಬ್ಬಿಬ್ಬಾದ.

"ಸ್ವಲ್ಪ ಇರಿ," ಎಂದರು ಡಾಕ್ಟರಮ್ಮ.

ಅವನು ಹಾಗೇ ಕೂತಿದ್ದ. ತಾಯಿ ಪಾದದಿಂದ ಬೆರಳು ತೆಗೆದಿರಲಿಲ್ಲ.