ಭೂಮಿಯ ಸೊಂಟದಳತೆ

ಟೇಪು ಗೋಡೆಯ ಮೇಲಿನ ಪ್ರಪಂಚದ ನಕ್ಷೆಯಿಂದ ಜಾರಿತು, ಮತ್ತೆ ಹಿಡಿದೆ, ನಮ್ಮೂರಿಂದ ಅಕ್ಕನ ಊರಿಗೆ, ನಕ್ಷೆಯ ಮೂಲೆಯಲ್ಲಿ ಕೊಟ್ಟ ಲೆಕ್ಕಕ್ಕೆ ಗುಣಿಸಿದರೆ ಹದಿನೇಳು ಸಾವಿರ ಕಿಲೋಮೀಟರ್, ವಿಮಾನ ಗಂಟೆಗೆ ಒಂಬೈನೂರರಂತೆ ಹೋದರೂ ಹತ್ತೊಂಬತ್ತು ಗಂಟೆ — ನಿನ್ನೆ ಸಂಜೆ ಆರಕ್ಕೆ ಹಾರಿದ್ದು ಇಳಿಯುವುದು ಇವತ್ತು ಮಧ್ಯಾಹ್ನ ಒಂದಕ್ಕೆ, ನಿನ್ನೆ ಮಧ್ಯಾಹ್ನ ತೆಗೆದದ್ದಕ್ಕೆ ಡಾಕ್ಟರು ಕೊಟ್ಟ ಗಡುವು ಹನ್ನೆರಡು, ತೆಗೆದ ಇಪ್ಪತ್ತನಾಲ್ಕು ಗಂಟೆಯೊಳಗೆ ನಿಮ್ಮಕ್ಕನ ಮೈಗೆ ಹೋಗ್ಬೇಕಮ್ಮ, ತಡ ಆದಷ್ಟೂ ಅದು ಸಾಯ್ತಾ ಹೋಗುತ್ತೆ. ಅದು ಅಂದರೆ ನನ್ನ ಸೊಂಟದ ಮೂಳೆಯಿಂದ ತೆಗೆದ ಮಜ್ಜೆ, ತಣ್ಣನೆ ಪೆಟ್ಟಿಗೆಯಲ್ಲಿ, ಯಾರೋ ಗುರುತಿಲ್ಲದ ಪುಣ್ಯಾತ್ಮನ ತೊಡೆಯ ಮೇಲೆ. ನನಗೆ ವೀಸಾ ಸಿಗಲಿಲ್ಲ, ಮಜ್ಜೆಗೆ ವೀಸಾ ಬೇಡವಂತೆ. ಅಕ್ಕನ ಮೂಳೆಯೊಳಗಿನದನ್ನೆಲ್ಲ ಔಷಧಿ ಹಾಕಿ ಸುಟ್ಟಾಗಿದೆ, ನನ್ನದು ತಲುಪದಿದ್ದರೆ ಅವಳಿಲ್ಲ, ಅಷ್ಟೇ. ಆದರೂ ಮೊನ್ನೆ ಫೋನಿನಲ್ಲಿ ನಗುತ್ತಾಳೆ, ನಿನ್ನ ಮಜ್ಜೆ ಜೊತೆ ನಿನ್ನ ಬಾಯೂ ಬಂದ್ರೆ ನಿಮ್ಮ ಭಾವನ ಗತಿ ಏನೇ? ಆಸ್ಪತ್ರೆಯವರು ಸರಿಯಾಗಿ ತಲುಪುತ್ತೆ ಅಂದರು, ಅಂದರೇನಾಯಿತು, ಬೇರೆಯವರು ಬರೆದ ಅಳತೆ ನಂಬಿ ನಾನು ಒಂದು ರವಿಕೆಗೂ ಕತ್ತರಿ ಹಾಕಿದವಳಲ್ಲ, ಮತ್ತೆ ಅಳೆದೆ, ಮತ್ತೆ ಹದಿನೇಳು —

ಮಗಳು ಶಾಲೆಯ ಚೀಲ ಹೆಗಲಿಗೇರಿಸುತ್ತ, ಅಮ್ಮಾ, ವಿಮಾನ ಗೋಡೆ ಮೇಲೆ ಹಾರಲ್ಲ, ಅಂದು ತನ್ನ ಗುಂಡನೆಯ ಭೂಗೋಳವನ್ನು ಹೊಲಿಗೆ ಯಂತ್ರದ ಮೇಲಿಟ್ಟು ಹೋದಳು. ಹೌದಲ್ಲ! ಇಪ್ಪತ್ತು ವರ್ಷ ಮೈಗೆ ಹೊಲಿದವಳು ನಾನು, ಬಟ್ಟೆ ಚಪ್ಪಟೆ, ಮೈ ಗುಂಡಗೆ, ಹಾಸಿದ ಬಟ್ಟೆಯ ಅಳತೆ ಎದೆಗೆ ಬರುವುದಿಲ್ಲ ಅಂತ ಕಲಿಯಲು ಬಂದವರಿಗೆಲ್ಲ ಬೈದವಳು, ನಾನೇ ಎಡವಿದೆನಲ್ಲ. ಭೂಗೋಳದ ನಡುವಿಗೆ ಟೇಪು ಸುತ್ತಿದೆ, ಸೊಂಟ ನಲವತ್ತು ಇಂಚು, ನಮ್ಮತ್ತೆಯದೂ ಅಷ್ಟೇ, ನಿಜವಾದ ಭೂಮಿಯ ಸೊಂಟ ನಲವತ್ತು ಸಾವಿರ ಕಿಲೋಮೀಟರ್ ಅಂತ ಮಗಳ ಪುಸ್ತಕದಲ್ಲಿದೆ, ಅಂದರೆ ಇಂಚಿಗೆ ಸಾವಿರ, ಅಬ್ಬಾ, ಭೂಮಿ ನನ್ನ ಟೇಪಿಗೆ ಸಿಕ್ಕಿತು. ಒಂದು ಊರಿನ ಮೇಲೆ ಹೆಬ್ಬೆರಳು, ಇನ್ನೊಂದರ ಮೇಲೆ ತೋರುಬೆರಳು, ನಡುವೆ ಕೆಂಪು ದಾರ, ಸಮುದ್ರದ ಮೇಲೆ ಮಲಗಿಸಿ ಎಳೆದರೆ ಅದು ನಿಲ್ಲಲೊಲ್ಲದು, ತಾನಾಗಿ ಸರಿದು ಸರಿದು ಮೇಲೇರಿತು, ತುದಿಯ ಬಿಳಿ ಹಿಮದ ಪಕ್ಕದಲ್ಲಿ ಹೋಗಿ ಬಿಗಿಯಾಯಿತು. ಮೈ ಜುಮ್ಮೆಂದಿತು. ಈ ದಾರಿ ಯಾರೂ ಹಾಕಿದ್ದಲ್ಲ, ದಾರಕ್ಕೆ ಗೊತ್ತು! ಹನ್ನೊಂದೂವರೆ ಇಂಚು, ಹದಿಮೂರು ಗಂಟೆ, ಹಾಗಾದರೆ ಬೆಳಗ್ಗೆ ಏಳಕ್ಕೇ ಇಳಿದಿದೆ, ಈಗ ಒಂಬತ್ತು, ಹಾಗಾದರೆ ನಾನು ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ನನ್ನದೇ ಮೂಳೆಯೊಳಗಿನದು ಒಂದು ಮನೆ, ಒಂದು ಮರ ಇಲ್ಲದ ಹಿಮದ ಮೇಲೆ ಅಕ್ಕನ ಕಡೆಗೆ ಹೋಗುತ್ತಿತ್ತು, ದೇವರೇ ಎಷ್ಟು ದೊಡ್ಡದಪ್ಪ ಇದು, ಎಷ್ಟು ಹತ್ತಿರ — ಆದರೆ ಇಳಿದಿದ್ದರೆ ಭಾವ ಯಾಕೆ ಫೋನ್ ಮಾಡಲಿಲ್ಲ, ಫೋನು, ವಿಡಿಯೋ ಕರೆ, ಭಾವನೇ, ಮುಖ ಕಾಣುವುದಿಲ್ಲ, ದನಿ ಮಾತ್ರ, ಮಾತಾಡ್ಬೇಡ ತಂಗಿ, ಸುಮ್ನೆ ನೋಡು, ಏನೋ ಅಲುಗಿತು, ಸೂರು, ಕಂಬಿ, ಕಂಬಿಗೆ ತೂಗಿದ ಕೆಂಪು ಚೀಲ, ಕೊಳವೆ, ಕೊಳವೆಯ ಬಾಯಲ್ಲಿ ಕೆಂಪಗೆ ಒಂದು ಹನಿ, ದಪ್ಪಗಾಗುತ್ತದೆ, ಬಿದ್ದಿತು, ಕೆಳಗೆ ಸೂಜಿ ಚುಚ್ಚಿದ ಅಕ್ಕನ ಕೈ, ಮತ್ತೊಂದು ಹನಿ