ಹೂಳಲು ಒಂದು ಹಿಡಿ ಮಣ್ಣು

ದೋಣಿಯ ಹುಟ್ಟಿನ ತುದಿಯಿಂದ ಹನಿಯೊಂದು ಮೊಣಕಾಲಿನ ಮೇಲೆ ಬಿತ್ತು, ಎಲ್ಡಾಳಿಗೆ ಅದಕ್ಕೂ ಸಿಟ್ಟು, ಬೆಳಗಿನಿಂದ ಎಲ್ಲದಕ್ಕೂ ಸಿಟ್ಟೇ, ನೀರು ಜಿನುಗುವ ಈ ಹಳೇ ದೋಣಿಯ ಮೇಲೆ, ಕಾಲ ಬಳಿಯ ಬುಟ್ಟಿಯ ಮೇಲೆ, ಅದರೊಳಗೆ ಎಲೆಯಲ್ಲಿ ಸುತ್ತಿಟ್ಟ ತನ್ನ ಮತ್ತು ಮಗಳು ವೇರಾಳ ಬಳಸಿದ ಮುಟ್ಟಿನ ಪ್ಯಾಡುಗಳ ಮೇಲೆ, ಅವನ್ನು ಬಾಳೆನಾರಿನಲ್ಲಿ ಹೊಲಿಯಲು ಕಲಿಸಿಹೋದ ರಾಜಧಾನಿ ಹೋನಿಯಾರಾದಿಂದ ಬಂದಿದ್ದ ಡೋರಿಸ್ ಮೇಲೆ — ಚೂರೂ ಪ್ಲಾಸ್ಟಿಕ್ ಇಲ್ಲ ಕಣ್ರಮ್ಮ, ಹೂಳಿಬಿಡಿ, ಮಣ್ಣಲ್ಲಿ ಮಣ್ಣಾಗೋಗತ್ತೆ — ಮಣ್ಣಂತೆ ಮಣ್ಣು, ಎಲ್ಲಿದೆ ತಾಯಿ, ಅಜ್ಜಂದಿರು ಹವಳದ ಕಲ್ಲು ಪೇರಿಸಿ ಸಮುದ್ರದ ಮಧ್ಯೆ ಕಟ್ಟಿದ ದ್ವೀಪ ನಮ್ಮದು, ಒಂದು ಗೆಣಸು ನೆಡಬೇಕೆಂದರೂ ಎದುರಿನ ದಡಕ್ಕೇ ಹೋಗಬೇಕು, ಒಗೆಯುವ ಬಟ್ಟೆಯೇ ಸಾಕು ಎಂದರೆ ಸಿಹಿನೀರೂ ದಡದ್ದೇ, ಒಣಹಾಕಿದರೆ ಪಕ್ಕದ ಮನೆಯ ಟೋವಾ ನೋಡುತ್ತಾನೆ, ಒಡಹುಟ್ಟಿದ ಅಣ್ಣ, ತಂಗಿಯ ಮುಟ್ಟಿನ ಬಟ್ಟೆ ಅಣ್ಣನ ಕಣ್ಣಿಗೆ ಬಿದ್ದರೆ ಅವನಿಗೆ ದುಡ್ಡಿನ ಹಾಗೆ ನಡೆಯುವ ಚಿಪ್ಪಿನ ಸರ ದಂಡ ಕೊಡಬೇಕು, ಅಜ್ಜಿಯ ಕಾಲದಲ್ಲಿ ದ್ವೀಪದ ತುದಿಯಲ್ಲಿ ಮುಟ್ಟಾದ ಹೆಂಗಸರಿಗೇ ಅಂತ ಒಂದು ಮೂಲೆಯಿತ್ತು, ಚರ್ಚು ಬಂತು, ಇನ್ನು ಎಲ್ಲರೂ ಸಮಾನರು ಎಂದಿತು, ಈಗ ಅಲ್ಲಿ ಪಾದ್ರಿಯ ದೋಣಿ ನಿಲ್ಲುತ್ತದೆ, ಇನ್ನು ದಡದ ಹೊಲದವಳೋ, ಹೋದ ಸಲ ಬೇಲಿಯಲ್ಲೇ ಅಡ್ಡ ನಿಂತಳು, ನಿಮ್ಮ ಹೊಲಸಿಗೆ ನಮ್ಮ ನೆಲಾನೇ ಬೇಕೇನೇ, ಗೆಣಸಿಗೆ ಮೀನು ಕೊಡೋವಾಗ ಮಾತ್ರ ಒಂದೊಂದೇ ಎಣಿಸಿ ಕೊಡ್ತೀರ — ಆದರೂ ಹೂಳಲು ಹೋಗಲೇಬೇಕು, ಈ ಪ್ಯಾಡು ಬಂದಮೇಲೇ ವೇರಾ ತಿಂಗಳಿಡೀ ಶಾಲೆಗೆ ಹೋಗುತ್ತಿರುವುದು, ಅಮ್ಮಾ ಇದೂ ಇಲ್ಲ ಅಂದ್ರೆ ನಾನು ಹೋಗಲ್ಲ, ಎಂದಿದ್ದಾಳೆ, ಮಹಾ ಹಟಮಾರಿ, ಹೋಗುವುದೇ ಇಲ್ಲ.

ತಂಗೀ, ಎಲ್ಲಿಗೆ ಸವಾರಿ? ಟೋವಾ, ಅಯ್ಯೋ ದೇವರೇ, ಈ ಹೊತ್ತಿನಲ್ಲಿ ಇವನೇ ಎದುರಾಗಬೇಕೇ, ಚರ್ಚಿನ ಹಿರಿಯ, ಇವನು ಬೇಡ ಎಂದರೆ ಪ್ಯಾಡಿನ ಹೊಲಿಗೆ ಅವತ್ತೇ ನಿಂತ ಹಾಗೆ, ದೋಣಿ ಪಕ್ಕಕ್ಕೇ ತಂದುಬಿಟ್ಟ, ನಿನ್ನ ದೋಣಿ ನೀರು ಕುಡೀತಿದೆ, ಬುಟ್ಟಿ ಇತ್ತ ಕೊಡು, ಭಾರ ಇಳೀಲಿ, ಬೇಡಣ್ಣ, ಕೊಡೇ, ಏನಿದೆ ಅದ್ರಲ್ಲಿ, ಚಿನ್ನಾನಾ — ನಗುತ್ತಾನೆ, ಒಳ್ಳೆಯವನು, ಅದೇ ಕಷ್ಟ, ಇದ್ದದ್ದನ್ನು ಅವನೆದುರು ಬಾಯಿಬಿಟ್ಟು ಹೇಳುವುದೂ ತಪ್ಪು, ಗೆಣಸು ಎನ್ನಲೇ, ದಡಕ್ಕೆ ಯಾರಾದರೂ ಗೆಣಸು ಒಯ್ಯುತ್ತಾರೆಯೇ, ಮೀನು ಎಂದರೆ ತೋರ್ಸು ಎನ್ನುತ್ತಾನೆ, ಅವನ ಕೈ ಬುಟ್ಟಿಯ ಹಿಡಿಕೆಗೆ ಬಂತು, ಮುಟ್ಟಿಬಿಡುತ್ತಾನೆ — ಎಲ್ಡಾ ಕಾಲಿನಿಂದ ಒದ್ದೇಬಿಟ್ಟಳು, ಬುಟ್ಟಿ ನೀರಿಗೆ ಬಿದ್ದು ಮುಳುಗಿತು, ಎಲೆಯ ಗಂಟು ಮಾತ್ರ ತೇಲಿತು, ಎಲೆ ಬಿಚ್ಚಿ ಒಳಗಿನ ಪ್ಯಾಡು ಕಂಡಿತು, ಮುಳುಗು, ಮುಳುಗು ಶನಿಯೇ, ನೀರನ್ನೆಲ್ಲ ಹೀರತ್ತೆ ಅಂದಿದ್ದಳಲ್ಲ ಡೋರಿಸ್, ಹೀರು ಮತ್ತೆ, ಮುಳುಗು, ಟೋವಾನ ನಗು ನಿಂತಿತು, ಕೈ ಹಿಂದಕ್ಕೆ ಹೋಯಿತು, ಬೆನ್ನು ತಿರುಗಿಸಿ ಕೂತ, ಬೈಯಬಾರದೇ, ನಾಳೆ ಪ್ರಾರ್ಥನೆ ಮುಗಿದ ಮೇಲೆ ಹೊಲಿಗೆ ಬೇಡ ಅನ್ನುತ್ತಾನೆಯೇ, ಹೊರಟಾದರೂ ಹೋಗಬಾರದೇ — ಹೇಗೆ ಹೋಗುತ್ತಾನೆ, ಹುಟ್ಟು ಎಳೆದರೆ ಅದು ಅವನ ಕಡೆಗೇ ಬರುತ್ತದೆ, ಅವನಿರುವಾಗ ತಾನು ಕೈ ಚಾಚಿ ಎತ್ತುವ ಹಾಗೂ ಇಲ್ಲ, ಎರಡು ದೋಣಿ, ನಡುವೆ ಅದು, ಮುಳುಗು, ಮುಳುಗುತ್ತಿಲ್ಲ, ಅವನ ದೋಣಿಯ ಪಕ್ಕೆಗೆ ಹೋಗಿ ತಾಗಿ ನಿಂತಿದೆ, ಮುಳುಗುತ್ತಿಲ್ಲ.