ಹಿಂದಕ್ಕೇ ಜಗ್ಗುವ ದೇವರು

ಆ ಊರಿನ ರಂಗಪ್ಪ ದೇವರು ಮೊದಲೆಲ್ಲ ಇಷ್ಟು ಹಟಮಾರಿಯಾಗಿರಲಿಲ್ಲ. ಪುರವರದ ಪಕ್ಕದ ಊರದು. ಮದುವೆಯೇ ಇರಲಿ, ಬೋರ್‌ವೆಲ್ಲೇ ಇರಲಿ, ದೇವರನ್ನು ಕೇಳದೆ ಅಲ್ಲಿ ಯಾರೂ ಕೈ ಹಾಕುವುದಿಲ್ಲ. ಮೂರ್ತಿ ಕಟ್ಟಿದ ಉದ್ದನೆಯ ಮರದ ಅಡ್ಡೆಯನ್ನು ಮುಂದೊಬ್ಬ, ಹಿಂದೊಬ್ಬ ಹೆಗಲ ಮೇಲೆ ಹೊರುತ್ತಾರೆ. ಕೇಳಿದ ಮಾತಿಗೆ ಅಡ್ಡೆ ಮುಂದೆ ನುಗ್ಗಿದರೆ ಅಪ್ಪಣೆ, ಹಿಂದಕ್ಕೆ ಜಗ್ಗಿದರೆ ಬೇಡವೆಂದರ್ಥ. ಯುಗಾದಿಯಿಂದೀಚೆಗೆ ದೇವರು ಕೇಳಿದ್ದಕ್ಕೆಲ್ಲ ಹಿಂದಕ್ಕೇ ಜಗ್ಗುತ್ತಿತ್ತು. ಬೈರಪ್ಪನ ಬೋರ್‌ವೆಲ್ ಬೇಡ, ಚಿಕ್ಕಹನುಮಕ್ಕನ ಮನೆಗೆ ಪಾಯ ಬೇಡ. ಪಾಪ, ಅವರೆಲ್ಲ ತಮ್ಮದೇ ಏನೋ ತಪ್ಪಿರಬೇಕೆಂದು ಹರಕೆ ಹೊತ್ತು ಸುಮ್ಮನಾದರು.

ಸುಮ್ಮನಾಗದವಳು ಮುನಿಯಮ್ಮ. ಅವಳ ಮಗಳು ಶೃತಿಗೆ ಶಿರಾದಿಂದ ಪ್ರಸನ್ನ ಕುಮಾರ್ ಎಂಬ ಬಸ್ ಕಂಡಕ್ಟರನ ಸಂಬಂಧ ಬಂದಿತ್ತು. ಹುಡುಗಿಗೆ ಹುಡುಗನೆಂದರೆ ಪ್ರಾಣ. ಎರಡೂ ಮನೆಯವರು ಒಪ್ಪಿದ್ದರು, ದೇವರ ಅಪ್ಪಣೆಯೊಂದು ಬಾಕಿಯಿತ್ತು. ಶನಿವಾರ ಕೇಳಿದರೆ ಅಡ್ಡೆ ಗುಡಿಯ ಬಾಗಿಲವರೆಗೂ ಹಿಂದೆ ಹೋಯಿತು. ಶೃತಿ ಅನ್ನ ಬಿಟ್ಟು ಮಲಗಿದಳು. ಅಡ್ಡೆಯನ್ನು ಹಿಂದಿನಿಂದ ಹೊತ್ತಿದ್ದವನು ಅವಳಪ್ಪ ದೊಡ್ಡರಂಗಪ್ಪನೇ.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಗಂಡನ ಬೆನ್ನುಜ್ಜಲು ಹೋದ ಮುನಿಯಮ್ಮನಿಗೆ ಅನುಮಾನ ಬಂತು. ಈ ಮನುಷ್ಯ ಹೆಗಲ ಮೇಲಿನ ಟವೆಲ್ಲು ತೆಗೆಯಲೊಲ್ಲ. ಅವಳೇ ಕಿತ್ತೆಸೆದಳು. ಹೋದ ವರ್ಷ ಮಧುಗಿರಿ ರಸ್ತೆಯಲ್ಲಿ ಗಾಡಿಯಿಂದ ಬಿದ್ದು ಅವನ ಕೊರಳೆಲುಬು ಮುರಿದಿತ್ತು. ಪ್ಲೇಟಿಟ್ಟು ಸ್ಕ್ರೂ ಹಾಕಿದ್ದರು. ಆ ಗಾಯದ ಮೇಲೀಗ ಚರ್ಮ ಕೆಂಪಗೆ ಉಬ್ಬಿ ನಿಂತಿತ್ತು.

"ಏನಿದು?"

"ಗುಳ್ಳೆ ಕಣೆ."

"ಗುಳ್ಳೆ ಇಷ್ಟು ಗಟ್ಟಿ ಇರ್ತದಾ? ಸ್ಕ್ರೂ ಮೇಲಕ್ಕೆದ್ದೈತೆ!" ಅಷ್ಟಂದವಳಿಗೆ ಥಟ್ಟನೆ ಬೇರೊಂದು ಹೊಳೆಯಿತು. "ಅಲ್ಲಾ, ನಿನ್ನೆ ಹಿಂದಕ್ಕೆ ಜಗ್ಗಿದ್ದು ದೇವ್ರಾ, ನೀನಾ?"

ದೊಡ್ಡರಂಗಪ್ಪ ತಲೆ ತಗ್ಗಿಸಿದ. "ಅಡ್ಡೆ ಅದರ ಮ್ಯಾಲೆ ಕುಂತ್ರೆ ಕಣ್ಣು ಕತ್ಲೆ ಬತ್ತದೆ. ಕಾಲು ತಾನಾಗೇ ಹಿಂದಕ್ಕೋಯ್ತದೆ. ಸ್ವಾಮಿನೇ ಎಳೀತಾವ್ನೆ ಅಂದ್ಕಂಡೆ."

"ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅನ್ನೋದು ನಮ್ಮನೇಲೇ ನಿಜ ಆಯ್ತಲ್ಲಪ್ಪ! ಡಾಕ್ಟ್ರಿಗೆ ತೋರ್ಸಕ್ಕೇನಾಗಿತ್ತು?"

"ಇನ್ ಮ್ಯಾಲೆ ಹೊರಬ್ಯಾಡ ಅಂದ್ಬುಟ್ರೆ? ನಮ್ಮ ತಾತ ಹೊತ್ತ, ನಮ್ಮಪ್ಪ ಹೊತ್ತ. ಹೊರದೆ ಹೋದ್ರೆ ನಾನ್ಯಾರು ಹೇಳು?"

ಮುನಿಯಮ್ಮನ ಸಿಟ್ಟೆಲ್ಲ ಇಳಿದುಹೋಯಿತು. ಇಷ್ಟು ನೋವು ನುಂಗಿಕೊಂಡಿದ್ದನಲ್ಲ ಎಂದು ತಂಬಿಗೆ ಕೈಗೆತ್ತಿಕೊಂಡಳು.

"ಶೃತಿ ಅಪ್ಪ ಕಣಯ್ಯ ನೀನು. ಸಾಲ್ದಾ?" ಎಂದು ಬಿಸಿನೀರು ಹುಯ್ದಳು.

ಮಧುಗಿರಿಯ ಡಾಕ್ಟರು ಬೈದರು. ಮೂಳೆ ಕೂಡಿಕೊಂಡಿದೆ, ಸ್ಕ್ರೂ ಸಡಿಲವಾಗಿ ಹೊರಗೆ ಬರುತ್ತಿದೆ, ಇನ್ನಷ್ಟು ತಡೆದಿದ್ದರೆ ಚರ್ಮ ತೂತಾಗಿ ಕೀವಾಗುತ್ತಿತ್ತು ಎಂದರು. ಪ್ಲೇಟು, ಸ್ಕ್ರೂ ಎಲ್ಲ ತೆಗೆದರು. ಹೆಗಲ ಮೇಲೆ ಭಾರ ಹೊರುವ ಮಾತೇ ಸದ್ಯಕ್ಕೆ ಬೇಡವೆಂದರು.

ಹೊಲಿಗೆ ಬಿಚ್ಚಿಸಿಕೊಂಡು ಬಂದ ಶನಿವಾರ ದೊಡ್ಡರಂಗಪ್ಪ ಗುಡಿಯ ಮುಂದೆ ಎಲ್ಲರೆದುರು ನಿಜ ಹೇಳಿದ. ಊರು ಉಗಿಯುತ್ತದೆಂದು ಮುನಿಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಬೈರಪ್ಪ ಹೋ ಎಂದು ನಕ್ಕ.

"ಲೇ, ಪಕ್ಕದೊಲದಲ್ಲಿ ಕೊರೆಸ್ದೋರಿಗೆ ಬರೀ ಧೂಳು ಬಂತು ಕಣ್ಲಾ! ಸ್ವಾಮಿ ನಿನ್ ಸ್ಕ್ರೂನಲ್ಲೇ ನಂಗೆ ಬುದ್ಧಿ ಹೇಳವ್ನೆ ಬುಡು. ಮಗಳ ಇಸ್ಯ ಇನ್ನೊಂದ್ ದಪ ಕೇಳು."

ಅಡ್ಡೆಯ ಹಿಂದಿನ ತುದಿಗೆ ಈ ಸಲ ಊರಿನ ಓಬಳಯ್ಯ ಎಂಬವನು ಹೆಗಲು ಕೊಟ್ಟ. ದೊಡ್ಡರಂಗಪ್ಪ ಕೈಯನ್ನು ಬಟ್ಟೆಯಲ್ಲಿ ಕೊರಳಿಗೆ ತೂಗುಹಾಕಿಕೊಂಡು ದೇವರ ಎದುರಿಗೆ ಬಂದ. ಹಿಂದೆ ಹೊರುವವನಿಗೆ ಯಾವತ್ತೂ ದೇವರ ಬೆನ್ನೇ ಗತಿ. ಅಪ್ಪಣೆಯಾಗುವ ಹೊತ್ತಿನಲ್ಲಿ ಅವನು ಸ್ವಾಮಿಯ ಎದುರು ನಿಂತದ್ದು ಅದೇ ಮೊದಲು.

"ಸ್ವಾಮಿ, ಅವತ್ತು ಅಡ್ಡ ಬಂದೋನು ನಾನು. ಮಗೀನ ತಪ್ಪಿಲ್ಲ. ಈಗ ನೀನೇ ಹೇಳು."

ಅಡ್ಡೆ ಅಲ್ಲಾಡಲಿಲ್ಲ. ಆಮೇಲೆ ಕೊಂಚ ಹಿಂದಕ್ಕೆ ವಾಲಿತು. ಶೃತಿ ಅಮ್ಮನ ರಟ್ಟೆ ಹಿಡಿದುಕೊಂಡಳು. ಅಲ್ಲಿಂದ ಒಮ್ಮೆಗೇ ಮುಂದೆ ನುಗ್ಗಿದ ದೇವರು ದೊಡ್ಡರಂಗಪ್ಪನ ಎದೆಯ ಹತ್ತಿರ ಬಂದು ನಿಂತಿತು. ಹಾರದ ಕಣಗಿಲೆ ಅವನ ಗಾಯದ ಪಟ್ಟಿಗೆ ತಾಗುವಷ್ಟು ಹತ್ತಿರ.

ಎಲ್ಲರೂ ಗೋವಿಂದಾ ಎಂದರು. ದೊಡ್ಡರಂಗಪ್ಪ ಮಾತ್ರ ಅಲ್ಲೇ ನಿಂತಿದ್ದ. ಮುನಿಯಮ್ಮ ಓಡಿಹೋಗಿ, "ನೋವಾಯ್ತಾ?" ಎಂದಳು.

"ಮುನಿಯೀ," ಎಂದ ಅವನು, ಕಣ್ಣಲ್ಲಿ ನೀರು ತುಂಬಿಕೊಂಡು. "ಸ್ವಾಮಿ ನಗ್ತಾವ್ನೆ ಕಣೆ. ಇಷ್ಟು ವರ್ಸ ಯಾರೂ ನಂಗೆ ಹೇಳ್ಲೇ ಇಲ್ವಲ್ಲೇ."